ಪ್ಯಾಕೇಜಿನ ಮೇಲೆ ಯಾರು ನಿಂತಿದ್ದಾರೆ, ನೋಡಿ

ಯಾವ ಸಾಫ್ಟ್‌ವೇರ್ ಪ್ಯಾಕೇಜ್ ಮುಖ್ಯ ಎಂದು ತೂಗುವಾಗ ಗಿಟ್‌ಹಬ್‌ನ ನಕ್ಷತ್ರಗಳನ್ನು ನಂಬಿ ಕೂರಬೇಡಿ. ಅದನ್ನು ಯಾವ ಯಾವ ಪ್ಯಾಕೇಜ್‌ಗಳು ಅವಲಂಬಿಸಿವೆ ಎಂದು ಹುಡುಕಿ. 2016ರ ಮಾರ್ಚ್‌ನಲ್ಲಿ ಲೆಫ್ಟ್‌ಪ್ಯಾಡ್ ಎಂಬ 11 ಸಾಲಿನ ಪ್ಯಾಕೇಜನ್ನು ಅದರ ಲೇಖಕರು ಎನ್‌ಪಿಎಂ ಎಂಬ ಪ್ಯಾಕೇಜ್ ಭಂಡಾರದಿಂದ ತೆಗೆದಾಗ ಬೇಬೆಲ್‌ನಂಥ ದೊಡ್ಡ ಸಾಧನಗಳ ಇನ್‌ಸ್ಟಾಲ್ ಕೂಡ ಕೆಟ್ಟು ನಿಂತಿತು. ಅದನ್ನು ಹೆಸರು ಹಿಡಿದು ಬೇಕೆಂದವರು ಕಡಿಮೆ, ಬೇರೆಯದರ ಬೆನ್ನಿಗೆ ಬಂದದ್ದೇ ಹೆಚ್ಚು. ನೇರ ಅವಲಂಬನೆಯನ್ನಷ್ಟೇ ಎಣಿಸಿದರೂ ಸಾಲದು. 2024ರಲ್ಲಿ ಎಕ್ಸ್‌ಝಡ್ ಎಂಬ ಸಂಕೋಚನ ಲೈಬ್ರರಿಯಲ್ಲಿ ಹಿಂಬಾಗಿಲು ಪತ್ತೆಯಾಯಿತಲ್ಲ, ಅದರ ಗುರಿಯಾಗಿದ್ದ ಓಪನ್‌ಎಸ್‌ಎಸ್‌ಎಚ್ ಮೂಲದಲ್ಲಿ ಆ ಲೈಬ್ರರಿಯನ್ನು ಬಳಸುತ್ತಲೇ ಇರಲಿಲ್ಲ. ಕೆಲವು ಲಿನಕ್ಸ್ ವಿತರಣೆಗಳು ಸಿಸ್ಟಮ್‌ಡಿಗಾಗಿ ಹಾಕಿದ ತೇಪೆಯ ಮೂಲಕ ಅದು ಒಳಗೆ ಬಂದಿತ್ತು. ಅಂಥದ್ದನ್ನು ವರ್ಷಗಟ್ಟಲೆ ನೋಡಿಕೊಂಡವರು ಬಹುಮಟ್ಟಿಗೆ ಒಬ್ಬರೇ ಸ್ವಯಂಸೇವಕರು!

ಹಾಗಾದರೆ ಪರೋಕ್ಷ ಅವಲಂಬಿತರನ್ನೆಲ್ಲ ಕೂಡಿಸಿದರಾಯಿತೇ ಎಂದರೆ, ಅಲ್ಲೂ ತೊಡಕಿದೆ: ಒಂದು ಜನಪ್ರಿಯ ಪ್ಯಾಕೇಜ್ ಎಳೆದು ತಂದ ಪುಟ್ಟದ್ದಕ್ಕೂ ಅದರಷ್ಟೇ ಅಂಕ ಸಿಕ್ಕಿಬಿಡುತ್ತದೆ. ಗೂಗಲ್‌ನ ಪೇಜ್‌ರ್‍ಯಾಂಕ್ ಮಾದರಿಯಲ್ಲಿ ಅವಲಂಬಿತರ ತೂಕವನ್ನೂ ಲೆಕ್ಕಕ್ಕೆ ತಂದು, ಆ ತೂಕವನ್ನು ಅವುಗಳ ಎಲ್ಲ ಅವಲಂಬನೆಗಳಿಗೆ ಹಂಚಿದರೆ ಚಿತ್ರ ಇನ್ನಷ್ಟು ಸ್ಪಷ್ಟವಾಗುತ್ತದೆ. ಕಂಪನಿಗಳ ಒಳಗಿನ ಕೋಡ್ ಈ ಅವಲಂಬನೆಗಳ ಜಾಲದಲ್ಲಿ ಕಾಣುವುದಿಲ್ಲ ಎಂಬ ಆಕ್ಷೇಪ ನ್ಯಾಯವಾದದ್ದೇ. ಆದರೆ ನಿಮ್ಮ ಕೋಡ್ ನಿಮಗೆ ಕಾಣುತ್ತದೆ. ಲಾಕ್ ಫೈಲ್ ತೆರೆದು ಇಡೀ ಸರಪಳಿಯನ್ನು ಒಮ್ಮೆ ಓದಿ. ಹಲವು ದಾರಿಗಳು ಬಂದು ಕೂಡುವ, ಆದರೆ ಒಬ್ಬಿಬ್ಬರೇ ನೋಡಿಕೊಳ್ಳುತ್ತಿರುವ ಪ್ಯಾಕೇಜ್ ಯಾವುದೆಂದು ಗುರುತಿಸಿ. ಕಂಪನಿಯ ನೆರವಿನ ಹಣವಾಗಲಿ, ನಿಮ್ಮ ಬಿಡುವಿನ ದುಡಿಮೆಯಾಗಲಿ ಮೊದಲು ಅಲ್ಲಿಗೆ ಹೋಗಲಿ.