ಬಸುರಿಯ ವಾಂತಿ: ಮದ್ದಿಗೆ ಅಂಜಬೇಡಿ

ಮೊರಬದಂಥ ಊರಲ್ಲಿ ಬಸುರಿಗೆ ವಾಂತಿ ಜೋರಾದರೆ "ನಾವೂ ಹಡದೇವಲ್ಲ, ಮೂರು ತಿಂಗಳಾದರ ನಿಂತಹೋಗತೈತಿ" ಎಂದು ಹಿರಿಯರು ಸಮಾಧಾನ ಹೇಳುತ್ತಾರೆ. ಹಲವರಿಗೆ ಆ ಮಾತು ನಿಜವೂ ಹೌದು. ಆದರೆ ಗುಟುಕು ನೀರೂ ಹೊಟ್ಟೆಯಲ್ಲಿ ನಿಲ್ಲದೆ, ಮೂತ್ರ ಕಡಿಮೆಯಾಗಿ ಗಾಢ ಹಳದಿಗೆ ತಿರುಗಿ, ತೂಕ ಇಳಿಯುತ್ತಿದ್ದರೆ ಅದು ಕಾಯಿಲೆ. ಗರ್ಭದಿಂದ ತಾಯಿಯ ರಕ್ತಕ್ಕೆ ಸೇರುವ ಜಿಡಿಎಫ್15 ಎಂಬ ಹಾರ್ಮೋನು ಇದಕ್ಕೆ ಮುಖ್ಯ ಕಾರಣವೆಂದು 2023ರ ಸಂಶೋಧನೆ ತೋರಿಸಿದೆ. ಸೊಸೆಯ ನಾಜೂಕುತನ ಖಂಡಿತ ಅಲ್ಲ.

"ಗುಳಿಗೆ ಕೂಸಿಗೆ ಕೆಟ್ಟದ್ದು" ಎಂಬ ಅಂಜಿಕೆ ಸಹಜ. ಆದರೂ ಡಾಕ್ಸಿಲಮೈನ್ ಮತ್ತು ಬಿ6 ಜೀವಸತ್ವ ಸೇರಿದ ಗುಳಿಗೆಯನ್ನು ವೈದ್ಯರು ದಶಕಗಳಿಂದ ಬಸುರಿಯರಿಗೆ ಕೊಡುತ್ತಿದ್ದಾರೆ. ಅದರಿಂದ ಕೂಸಿಗೆ ಊನವಾಗುತ್ತದೆಂಬ ಪುರಾವೆ ಸಿಕ್ಕಿಲ್ಲ. ವಾಂತಿಯಿಂದ ಮೈಯ ನೀರು ಬತ್ತುವುದೇ ದೊಡ್ಡ ಅಪಾಯ. ಆಶಾ ಕಾರ್ಯಕರ್ತೆಗೆ ತಿಳಿಸಿ, ಸಲಾಯಿನ್ ಬೇಕಾದರೆ ತಡಮಾಡಬೇಡಿ, ಜೊತೆಗೆ ಬಿ1 ಜೀವಸತ್ವದ ಬಗ್ಗೆ ವೈದ್ಯರನ್ನು ಕೇಳಿ. ಒಗ್ಗರಣೆಯ ಘಾಟು, ರೊಟ್ಟಿ ಬಡಿಯುವ ಒಲೆಯ ಕಾವು ಬಸುರಿಗೆ ಬೇಡ. ಆ ಕೆಲಸ ಗಂಡ, ಅತ್ತೆ ವಹಿಸಿಕೊಳ್ಳಲಿ.