ಕಪ್ಪೆಗಿಂತ ಮೊದಲು ಥರ್ಮಾಮೀಟರ್ ತಾ

ಮಗನ ಹಟಕ್ಕೆ ಮಣಿದು ಕಪ್ಪೆ ಸಾಕಲು ಒಪ್ಪಿದ್ದೀಯ, ಒಳ್ಳೆಯದೇ ಆಯಿತು. ಅವನು ನಾಯಿ ಬೇಕೆಂದು ಕೂತಿದ್ದರೆ ಮಿನಿಯಾಪೊಲಿಸ್‌ನ ಜನವರಿ ಚಳಿಯಲ್ಲಿ ಅದನ್ನು ಹೊರಗೆ ಕರೆದೊಯ್ಯುವ ಪಾಳಿ ನಿನ್ನ ಪಾಲಿಗೇ ಬರುತ್ತಿತ್ತು. ಆದರೆ ನೀನು ಕಳಿಸಿದ ಸಾಮಾನಿನ ಪಟ್ಟಿ ನೋಡಿ ಸ್ವಲ್ಪ ಗಾಬರಿಯಾಯಿತು. ನೂರು ವ್ಯಾಟ್‌ನ ಹೀಟ್ ಲ್ಯಾಂಪು, ರಾತ್ರಿಗೆ ಕೆಂಪು ಬಲ್ಬು, ತಳಕ್ಕೆ ಹೀಟ್ ಮ್ಯಾಟು, ಮೇಲೊಂದು ಯುವಿ ಟ್ಯೂಬು. ಅಂಗಡಿಯವನು ನಿನ್ನನ್ನು ಮೊಸಳೆ ಸಾಕುವವಳು ಅಂದುಕೊಂಡಿರಬೇಕು. ಪಟ್ಟಿಯಲ್ಲಿ ಥರ್ಮಾಮೀಟರ್ ಮಾತ್ರ ಇಲ್ಲ, ಥರ್ಮೋಸ್ಟಾಟೂ ಇಲ್ಲ. ಮಕ್ಕಳಿಗೆ ಪ್ರಾಣಿಶಾಸ್ತ್ರ ಹೇಳಿಕೊಟ್ಟು ನಿವೃತ್ತನಾದವನು ನಾನು, ದುಡ್ಡು ಕೊಡುವ ಮೊದಲು ನನ್ನ ಮಾತೂ ಒಂದಿಷ್ಟು ಕೇಳು.

ನೀವು ಆರಿಸಿರುವುದು ವೈಟ್ಸ್ ಟ್ರೀ ಫ್ರಾಗ್. ಉತ್ತರ ಮತ್ತು ಪೂರ್ವ ಆಸ್ಟ್ರೇಲಿಯಾದ್ದು, ನ್ಯೂಗಿನಿಯ ದಕ್ಷಿಣಕ್ಕೂ ಉಂಟು. ಬ್ರಿಟಿಷ್ ಕೈದಿಗಳನ್ನು ನ್ಯೂ ಸೌತ್ ವೇಲ್ಸ್‌ಗೆ ಒಯ್ದ ಮೊದಲ ಹಡಗುಪಡೆಯ ಜೊತೆ ಹೋದ ವೈದ್ಯ ಜಾನ್ ವೈಟ್ 1790ರಲ್ಲಿ ಬಂದ ತನ್ನ ಪುಸ್ತಕದಲ್ಲಿ ಇದನ್ನು ವರ್ಣಿಸಿದ. ಅಲ್ಲಿನ ಮನೆಗಳ ಮಳೆನೀರಿನ ತೊಟ್ಟಿಯಲ್ಲೂ ಶೌಚಾಲಯದಲ್ಲೂ ಬಂದು ಕೂರುವ ಸಂಕೋಚವಿಲ್ಲದ ಪ್ರಾಣಿ. ಮೊದಲ ಸಲ ಕಪ್ಪೆ ಸಾಕುವವರಿಗೆ ಇದಕ್ಕಿಂತ ಹೊಂದಿಕೊಳ್ಳುವ ಜಾತಿ ಕಷ್ಟ. ಚೆನ್ನಾಗಿ ನೋಡಿಕೊಂಡರೆ ಹದಿನೈದು ವರ್ಷಕ್ಕೂ ಮೀರಿ ಬದುಕುತ್ತದೆ. ಅಂದರೆ ಮಗ ಕಾಲೇಜಿಗೆ ಹೊರಟುಹೋದ ಮೇಲೂ ಕಪ್ಪೆ ನಿನ್ನ ಮನೆಯಲ್ಲೇ ಇರುತ್ತದೆ, ಈಗಲೇ ಹೇಳಿಬಿಡುತ್ತೇನೆ.

ಇದಕ್ಕೆ ಹಗಲು 24ರಿಂದ 28 ಡಿಗ್ರಿ ಸೆಲ್ಸಿಯಸ್, ರಾತ್ರಿ 18ರಿಂದ 21 ಇದ್ದರೆ ಸುಖ. ನಿನ್ನ ಊರಿನ ಲೆಕ್ಕದಲ್ಲಿ ಹಗಲು 75ರಿಂದ 82 ಫ್ಯಾರನ್‌ಹೀಟ್, ರಾತ್ರಿ 65ರಿಂದ 70. ಹೊರಗೆ ಹಿಮ ಎಷ್ಟೇ ಬೀಳಲಿ, ನಿಮ್ಮ ಮನೆಯೊಳಗೆ 20, 21 ಡಿಗ್ರಿ ಇದ್ದೇ ಇರುತ್ತದೆ. ಹಾಗಾದರೆ ರಾತ್ರಿಗೆ ಏನೂ ಬೇಡ. ಹಗಲಿಗೆ ಬೇಕಾಗಿರುವುದು ನಾಲ್ಕಾರು ಡಿಗ್ರಿ, ಅದೂ ಪೆಟ್ಟಿಗೆಯ ಒಂದು ಮೂಲೆಯಲ್ಲಿ. ಇಷ್ಟಕ್ಕೆ ನೂರು ವ್ಯಾಟ್ ಯಾಕೆ? ನೀನು ಹೇಳಿದ 45 ಸೆಂಟಿಮೀಟರ್ ಅಗಲ, 60 ಸೆಂಟಿಮೀಟರ್ ಎತ್ತರದ ಗಾಜಿನ ಪೆಟ್ಟಿಗೆಗೆ 25 ಅಥವಾ 40 ವ್ಯಾಟ್‌ನಿಂದ ಶುರುಮಾಡು. ಸಾಲದಿದ್ದರೆ ಆಮೇಲೆ ಏರಿಸಬಹುದು.

ನಮ್ಮವರಿಗೆ ಒಂದು ಭಾವನೆ ಉಂಟು: ಪಾಪ, ಉಷ್ಣದೇಶದ ಪ್ರಾಣಿ, ಚಳಿಯಾದೀತು, ಇನ್ನೊಂದಿಷ್ಟು ಬಿಸಿ ಇರಲಿ. ಕಪ್ಪೆಯ ವಿಷಯದಲ್ಲಿ ಈ ಕರುಣೆಯೇ ಅಪಾಯ. ಕಪ್ಪೆ ತನ್ನ ಮೈಬಿಸಿಯನ್ನು ತಾನೇ ಹುಟ್ಟಿಸಿಕೊಳ್ಳುವುದಿಲ್ಲ. ಸುತ್ತಲಿನಿಂದ ಪಡೆಯುತ್ತದೆ, ಹೆಚ್ಚಾದರೆ ಸರಿದು ಹೋಗುತ್ತದೆ. ಸ್ವಲ್ಪ ತಣ್ಣಗಾದರೆ ಮಂಕಾಗುತ್ತದೆ, ಮೈ ಕಂದುಬಣ್ಣಕ್ಕೆ ತಿರುಗಬಹುದು, ತಿಂದದ್ದು ಬೇಗ ಅರಗುವುದಿಲ್ಲ. ಬಿಸಿ ಸೇರಿಸಿದರೆ ಚೇತರಿಸಿಕೊಳ್ಳುತ್ತದೆ. ಆದರೆ ಮುಚ್ಚಿದ ಗಾಜಿನ ಪೆಟ್ಟಿಗೆ ಮಿತಿಮೀರಿ ಕಾದರೆ ಒಂದು ಮಧ್ಯಾಹ್ನದಲ್ಲೇ ಕಥೆ ಮುಗಿಯುತ್ತದೆ. ನಿಧಾನವಾಗಿ ಕಾಯಿಸಿದ ನೀರಿನಲ್ಲಿ ಕಪ್ಪೆ ಅಲುಗಾಡದೆ ಸಾಯುತ್ತದೆ ಎಂದು ಭಾಷಣಕಾರರು ಹೇಳುವ ಕಥೆ ಕೇಳಿದ್ದೀಯಲ್ಲ, ಅದು ಸುಳ್ಳು. ಜರ್ಮನಿಯ ಶರೀರಶಾಸ್ತ್ರಜ್ಞ ಗೋಲ್ಟ್ಸ್ 1869ರಲ್ಲೇ ಪರೀಕ್ಷಿಸಿ ನೋಡಿದ್ದ. ಮಿದುಳು ತೆಗೆದ ಕಪ್ಪೆ ಸುಮ್ಮನೆ ಕೂತಿತ್ತು. ಮಿದುಳಿದ್ದದ್ದು ನೀರು ಕಾಯುತ್ತಿದ್ದಂತೆ ತಪ್ಪಿಸಿಕೊಳ್ಳಲು ಹವಣಿಸಿತು. ನಿನ್ನ ಕಪ್ಪೆಯೂ ಹವಣಿಸುತ್ತದೆ. ಆದರೆ ಹೋಗುವುದೆಲ್ಲಿಗೆ? ಆದ್ದರಿಂದ ಒಂದು ಮೇಲ್ಮೂಲೆ ಬೆಚ್ಚಗಿರಲಿ, ಎದುರಿನ ಬದಿ ಮತ್ತು ತಳ ತಂಪಾಗಿರಲಿ, ಎರಡರ ನಡುವೆ ಹತ್ತಿ ಇಳಿಯಲು ಗಟ್ಟಿ ಕೊಂಬೆ ಇರಲಿ. ಎಲ್ಲಿ ಕೂರಬೇಕೆಂದು ಅದೇ ತೀರ್ಮಾನಿಸಲಿ.

ಇದೇ ಕಾರಣಕ್ಕೆ ತಳದ ಹೀಟ್ ಮ್ಯಾಟ್ ಪಟ್ಟಿಯಿಂದ ಹೊಡೆದುಹಾಕು. ಮರಗಪ್ಪೆ ಮೇಲೆ ಕೂರುವ ಪ್ರಾಣಿ, ತಳ ಕಾದರೆ ಅದಕ್ಕೇನು ಲಾಭ? ಮಣ್ಣಿನಲ್ಲಿ ಹೂತು ಕೂರುವ ಪ್ಯಾಕ್‌ಮ್ಯಾನ್ ಕಪ್ಪೆಗಂತೂ ಅದು ಅನ್ಯಾಯವೇ. ಕಾಡಿನಲ್ಲಿ ಸೆಕೆಯಾದರೆ ಕೆಳಕ್ಕೆ ತೋಡುತ್ತಾ ಹೋದಂತೆ ತಂಪು ಸಿಗುತ್ತದೆ. ಇಲ್ಲಿ ತೋಡಿದಷ್ಟೂ ಬಿಸಿ. ಮ್ಯಾಟ್ ಕೊಂಡದ್ದೇ ಆದರೆ ಪಕ್ಕದ ಗೋಡೆಗೆ, ಗಾಜಿನ ಹೊರಮೈಗೆ ಅಂಟಿಸು. ಬೆಳಕಿಲ್ಲದೆ ಬಿಸಿ ಮಾತ್ರ ಕೊಡುವ ಸೆರಾಮಿಕ್ ಹೀಟರ್ ಒಳ್ಳೆಯ ಸಾಧನ, ಆದರೆ ಅದರ ಮೈ ಮುಟ್ಟಿದರೆ ಸುಡುವಷ್ಟು ಕಾಯುತ್ತದೆ. ಮರಗಪ್ಪೆಯ ಬೆರಳತುದಿ ಎಲ್ಲಿ ಬೇಕಾದರೂ ಅಂಟಿಕೊಳ್ಳುತ್ತದೆ, ಹೀಟರಿಗೂ ಅಂಟಿಕೊಂಡೀತು. ಪೆಟ್ಟಿಗೆಯ ಹೊರಗೆ, ಮೇಲಿನ ಜಾಲರಿಯಿಂದ ಸ್ವಲ್ಪ ಎತ್ತರದಲ್ಲಿಯೇ ಅದರ ಜಾಗ. ಹೋಲ್ಡರು ಪಿಂಗಾಣಿಯದೇ ಆಗಿರಬೇಕು, ಪ್ಲಾಸ್ಟಿಕ್ ಕರಗುತ್ತದೆ. ಕಾಯಿಸುವ ಕಲ್ಲು ಎಂದು ಇನ್ನೊಂದು ಮಾರುತ್ತಾರೆ. ಅದರ ಹತ್ತಿರವೂ ಹೋಗಬೇಡ.

ಯಾವ ಹೀಟರ್ ಆದರೂ ನೇರ ಗೋಡೆಯ ಪ್ಲಗ್ಗಿಗೆ ಸಿಕ್ಕಿಸುವಂತಿಲ್ಲ, ನಡುವೆ ಥರ್ಮೋಸ್ಟಾಟ್ ಇರಲೇಬೇಕು. ಮ್ಯಾಟಿಗೆ ಸಾಮಾನ್ಯ ಆನ್-ಆಫ್ ಥರ್ಮೋಸ್ಟಾಟ್ ಸಾಕು. ಬಲ್ಬಿಗೆ ಹಾಕಿದರೆ ದೀಪ ಹತ್ತಿ ಆರಿ ಹತ್ತಿ ಆರಿ ಕಪ್ಪೆಗೂ ತಲೆನೋವು, ನಿನಗೂ. ಬಲ್ಬಾದರೆ ಮಂದ ಮಾಡುವ ಡಿಮ್ಮಿಂಗ್ ಬಗೆಯದು ಕೊಳ್ಳು. ಅದರ ತಂತಿಯ ತುದಿಯಲ್ಲಿರುವ ಪ್ರೋಬನ್ನು ಬೆಚ್ಚನೆಯ ಬದಿಯಲ್ಲಿ, ಕಪ್ಪೆ ಕೂರುವ ಕೊಂಬೆಯ ಮಟ್ಟದಲ್ಲಿ ಗಟ್ಟಿಯಾಗಿ ಕಟ್ಟು. ಅದು ಕಳಚಿ ನೀರಿನ ಬಟ್ಟಲಿಗೆ ಬಿದ್ದರೆ, ಅಥವಾ ಗಾಜು ಒರೆಸುವಾಗ ಹೊರಗೆ ಉಳಿದುಬಿಟ್ಟರೆ, ಪೆಟ್ಟಿಗೆ ಇನ್ನೂ ತಣ್ಣಗಿದೆಯೆಂದು ಭಾವಿಸಿ ಥರ್ಮೋಸ್ಟಾಟ್ ಕಾಯಿಸುತ್ತಲೇ ಇರುತ್ತದೆ. ಕಂಡುಹಿಡಿಯಲು ಬೇರೆಯದೇ ಥರ್ಮಾಮೀಟರ್ ಬೇಕು. ಪ್ರೋಬ್ ಇರುವ ಡಿಜಿಟಲ್ ಎರಡು ತಾ, ಬೆಚ್ಚನೆಯ ಕಡೆಗೊಂದು, ತಂಪು ಕಡೆಗೊಂದು. ಗಾಜಿಗೆ ಅಂಟಿಸುವ ಮುಳ್ಳಿನ ಗಡಿಯಾರದಂಥದ್ದನ್ನು ನಂಬಬೇಡ.

ತೇವದ ಮಾತೂ ಇಲ್ಲಿಯೇ ಬರುತ್ತದೆ. ಕಪ್ಪೆ ನೀರು ಕುಡಿಯುವುದು ಬಾಯಿಂದಲ್ಲ, ಚರ್ಮದಿಂದ, ಅದರಲ್ಲೂ ಹೊಟ್ಟೆಯಡಿಯ ತೆಳು ಚರ್ಮದಿಂದ. ಚಳಿಗಾಲದಲ್ಲಿ ಹೀಟಿಂಗ್ ಹಾಕಿದ ಅಮೆರಿಕದ ಮನೆಯ ಗಾಳಿ ತುಟಿ ಒಡೆಯುವಷ್ಟು ಒಣಗಿರುತ್ತದೆ, ಅದರ ಮೇಲೆ ನಿನ್ನ ದೀಪ. ಬಿಸಿ ಏರಿಸಿದರೆ ತೇವ ಇಳಿಯುತ್ತದೆ, ನೀರು ಚಿಮುಕಿಸಿದರೆ ಬಿಸಿ ಇಳಿಯುತ್ತದೆ, ಜಾಲರಿ ಮುಚ್ಚಿದರೆ ಗಾಳಿ ಕೆಡುತ್ತದೆ. ಕಪ್ಪೆಗಳನ್ನು ತಕ್ಕಡಿಗೆ ಹಾಕಿದ ಹಾಗೆಯೇ. ಈ ಜಾತಿಗೆ ಶೇಕಡ 50ರಿಂದ 60ರಷ್ಟು ತೇವಾಂಶ ಸಾಕು. ಸಂಜೆ ಒಮ್ಮೆ ನೀರು ಚಿಮುಕಿಸಿ, ಒಂದು ಅಗಲ ಬಟ್ಟಲಲ್ಲಿ ನೀರಿಟ್ಟರೆ ನಡೆಯುತ್ತದೆ. ಹಗಲಿಡೀ ಅದು ಬಟ್ಟಲು ಬಿಟ್ಟು ಏಳದಿದ್ದರೆ ಮೊದಲು ಮೀಟರ್ ನೋಡು: ಸೆಕೆ ಹೆಚ್ಚಾಗಿರಬೇಕು ಅಥವಾ ಗಾಳಿ ಒಣಗಿರಬೇಕು.

ಇನ್ನು ಆ ಕೆಂಪು ಬಲ್ಬು. ಕಪ್ಪೆಗೆ ಕೆಂಪು ಕಾಣುವುದಿಲ್ಲ, ಅದರ ಪಾಲಿಗೆ ಕತ್ತಲೆಯೇ ಎನ್ನುವುದು ಅಂಗಡಿಯ ಹಳೆಯ ಮಾತು. ಕಪ್ಪೆಯ ಕಣ್ಣಿನಲ್ಲಿ ಮಂದ ಬೆಳಕಿಗೆಂದೇ ಎರಡು ಬಗೆಯ ಕೋಶಗಳಿವೆ, ನಮಗಿರುವುದು ಒಂದೇ ಬಗೆ. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದವರು 2017ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ನಮಗೆ ಏನೂ ಕಾಣದ ಕತ್ತಲಲ್ಲಿಯೂ ಕಪ್ಪೆಗಳು ಬಣ್ಣದ ವ್ಯತ್ಯಾಸ ಗುರುತಿಸಿದ್ದವು. ಅಂಥ ಕಣ್ಣಿನ ಮುಂದೆ ರಾತ್ರಿಯಿಡೀ ಕೆಂಪು ದೀಪ ಉರಿಸುವುದು ಹಿಂಸೆ. ರಾತ್ರಿ ಎಂದರೆ ಕತ್ತಲೆಯಾಗಿರಲಿ. ಹಗಲಿಗೆ ಸುಮಾರು 6500 ಕೆಲ್ವಿನ್‌ನ ಬಿಳಿ ಎಲ್‌ಇಡಿ ಸಾಕು. ಒಳಗಿನ ಗಿಡಗಳಿಗೂ ಅದೇ ಬೆಳಕು. ಹನ್ನೆರಡು ಗಂಟೆಗೆ ಟೈಮರ್ ಇಟ್ಟುಬಿಡು.

ಯುವಿ ಟ್ಯೂಬಿನ ಬಗ್ಗೆ ಬಲ್ಲವರಲ್ಲೇ ಒಮ್ಮತವಿಲ್ಲ. ತಿನ್ನುವ ಹುಳಕ್ಕೆ ಕ್ಯಾಲ್ಸಿಯಂ ಮತ್ತು ಡಿ3 ವಿಟಮಿನ್ ಪುಡಿ ಸವರಿಕೊಟ್ಟರೆ ಸಾಕೆನ್ನುವವರಿದ್ದಾರೆ. ಈ ಕಪ್ಪೆ ಒಮ್ಮೊಮ್ಮೆ ಹಗಲು ಬೆಳಕಿನಲ್ಲೂ ಕೂರುವುದುಂಟು, ಆದ್ದರಿಂದ ಕಡಿಮೆ ಬಲದ ಟ್ಯೂಬ್ ಹಾಕುವುದು ಒಳ್ಳೆಯದು ಎಂದು ನನ್ನ ಮತ. ಪುಡಿಯನ್ನೂ ನಿಲ್ಲಿಸಬೇಡ, ಡಿ3 ಸಾಲದಿದ್ದರೆ ಎಲುಬು ಮೆತ್ತಗಾಗುತ್ತದೆ. ಮಾಮೂಲಿ ಗಾಜಿನ ಮೂಲಕ ಯುವಿಬಿ ಹಾಯುವುದಿಲ್ಲ, ಜಾಲರಿಯೂ ಒಂದಷ್ಟು ತಡೆಯುತ್ತದೆ. ಟ್ಯೂಬ್ ಕಣ್ಣಿಗೆ ಬೆಳಗುತ್ತಿದ್ದರೂ ಅದರ ಯುವಿ ಕ್ರಮೇಣ ಕುಂದುವುದರಿಂದ ಆರು ತಿಂಗಳಿಂದ ವರ್ಷದೊಳಗೆ ಬದಲಿಸಬೇಕು. ಕೆಳಗೆ ಅಗಲ ಎಲೆಯ ಗಿಡ ಇಟ್ಟು ನೆರಳು ಮಾಡು. ಬಿಸಿಲು ಬರಲೆಂದು ಪೆಟ್ಟಿಗೆಯನ್ನು ಕಿಟಕಿಯ ಹತ್ತಿರ ಮಾತ್ರ ಇಡಬೇಡ, ಯುವಿಬಿಯೂ ಸಿಗದು, ಒಳಗೆ ಕುಲುಮೆಯಾಗುತ್ತದೆ.

ಈ ಅಂಕಿಗಳೆಲ್ಲ ಈ ಒಂದು ಜಾತಿಗೆ. ಮಗ ನಾಳೆ ಕೊರಿಯಾ, ಚೀನಾ ಕಡೆಯ ಬೆಂಕಿಹೊಟ್ಟೆಯ ನೆಲಗಪ್ಪೆ ಕೇಳಿದರೆ ಅದಕ್ಕೆ ನಿನ್ನ ಮನೆಯ ತಂಪೇ ಸರಿ, ಹೀಟರೇ ಬೇಡ. ದಕ್ಷಿಣ ಅಮೆರಿಕದ ಬಣ್ಣದ ಡಾರ್ಟ್ ಕಪ್ಪೆಗಳು ಉಷ್ಣವಲಯದ್ದಾದರೂ ಮಳೆಕಾಡಿನ ನೆರಳಿನವು. 30 ಡಿಗ್ರಿ ತಾಳಲಾರವು. ಹಾಗೆಂದು ಬಿಸಿ ಎಂದರೆ ಕಪ್ಪೆಗೆ ಕೇಡೇ ಎಂದೂ ತಿಳಿಯಬೇಡ. 2024ರಲ್ಲಿ ಆಸ್ಟ್ರೇಲಿಯಾದ ಮ್ಯಾಕ್ವಾರಿ ವಿಶ್ವವಿದ್ಯಾಲಯದ ಸಂಶೋಧಕರು ರಂಧ್ರದ ಇಟ್ಟಿಗೆಗಳನ್ನು ಪುಟ್ಟ ಹಸಿರುಮನೆಯೊಳಗೆ ಜೋಡಿಸಿ ಕಾಯಲು ಬಿಟ್ಟರು. ಕಪ್ಪೆಗಳ ಸಂತತಿಯನ್ನೇ ಅಳಿಸುತ್ತಿರುವ ಕೈಟ್ರಿಡ್ ಶಿಲೀಂಧ್ರ ತಗುಲಿದ ಬೆಲ್ ಫ್ರಾಗ್‌ಗಳು ಆ ರಂಧ್ರಗಳೊಳಗೆ ತಾವಾಗಿಯೇ ಹೋಗಿ ಕೂತು ಗುಣವಾದವು. ಬಿಸಿ ಯಾವಾಗ ಬೇಕೆಂದು ಅವುಗಳಿಗೆ ಗೊತ್ತಿತ್ತು, ಹೊರಬರಲು ದಾರಿಯೂ ಇತ್ತು.

ಕೊನೆಗೆ ಕರೆಂಟಿನ ವಿಷಯ. ಊರಿಂದ ಬರುವವರ ಕೈಲಿ ಅಗ್ಗವೆಂದು ಹೀಟರ್ ತರಿಸಬೇಡ. ನಮ್ಮದು 230 ವೋಲ್ಟ್, ನಿಮ್ಮದು 120. ತಂತಿಯನ್ನು ಪ್ಲಗ್ಗಿಗಿಂತ ಕೆಳಕ್ಕೆ ಜೋತುಬಿಟ್ಟು ಮೇಲೆತ್ತಿ ಸಿಕ್ಕಿಸು, ಚಿಮುಕಿಸಿದ ನೀರು ಹರಿದು ಬಂದರೂ ಅಲ್ಲೇ ತೊಟ್ಟಿಕ್ಕುತ್ತದೆ. ಎಲ್ಲ ಜೋಡಿಸಿದ ಮೇಲೆ ಒಂದು ವಾರ ಕಪ್ಪೆಯಿಲ್ಲದೆ ಖಾಲಿ ಪೆಟ್ಟಿಗೆಯನ್ನೇ ಓಡಿಸು. ಬೆಳಿಗ್ಗೆ, ಮಧ್ಯಾಹ್ನ, ಮಲಗುವ ಮುಂಚೆ ಎರಡೂ ಕಡೆಯ ಅಂಕಿ ಬರೆದಿಡುವ ಕೆಲಸ ಮಗನಿಗೆ ಕೊಡು. ಆ ಹಾಳೆಯ ಫೋಟೋ ನನಗೆ ಕಳಿಸಿ. ನೋಡಿ ಸರಿಯಿದೆ ಎಂದ ಮೇಲೆ ಕಪ್ಪೆ ತರಲು ಹೋಗಿ.