ತರೀಕೆರೆ ಕಡೆ ಬಂದರೆ

ತರೀಕೆರೆ ಮೇಲೆ ಹಾದುಹೋಗುವವರಿಗೆ ಒಂದು ಮಾತು. ಕೆಮ್ಮಣ್ಣುಗುಂಡಿಗೆ ಹೋಗುವ ಅವಸರದಲ್ಲಿ ಅಮೃತಾಪುರವನ್ನು ಬಿಡಬೇಡಿ. ಪೇಟೆಯಿಂದ ಹತ್ತು ಕಿಲೋಮೀಟರ್ ಆಸುಪಾಸು. ಹೊಯ್ಸಳ ದೊರೆ ಎರಡನೇ ವೀರಬಲ್ಲಾಳನ ದಂಡನಾಯಕ ಅಮಿತಯ್ಯ 1196ರಲ್ಲಿ ಕಟ್ಟಿಸಿದ ಅಮೃತೇಶ್ವರ ದೇಗುಲ ಅಲ್ಲಿದೆ. ಬೆಳಿಗ್ಗೆಯೇ ಹೋಗಿ. ಎಳೆ ಬಿಸಿಲು ಬಿದ್ದಾಗ ಮಂಟಪದ ಕಂಬಗಳ ನುಣುಪು ಹೊಳೆಯುತ್ತದೆ. ಹೊರಗಿನ ಕಿರುಗೋಡೆಯಲ್ಲಿ ದಕ್ಷಿಣಕ್ಕೆ ರಾಮಾಯಣ, ಉತ್ತರಕ್ಕೆ ಕೃಷ್ಣನ ಕಥೆ ಮತ್ತು ಭಾರತ. ಮಕ್ಕಳಿದ್ದರೆ ಒಂದೊಂದೇ ಫಲಕದ ಮುಂದೆ ನಿಲ್ಲಿಸಿ, ಕಥೆ ಅವರೇ ಹೇಳಲಿ. ಅರ್ಧ ದಿನ ಹೋದದ್ದೇ ತಿಳಿಯದು.

ಹಸಿವಾದರೆ ಪೇಟೆಗೆ ಮರಳಿ, ಬಿಸಿ ಮೆಣಸಿನಕಾಯಿ ಬಜ್ಜಿ ಜೊತೆ ಮಂಡಕ್ಕಿ ತಿನ್ನಿ. ದಾರಿಯಲ್ಲಿ ಎಳನೀರಂತೂ ಸಿಕ್ಕೇ ಸಿಗುತ್ತದೆ.

ಸಂಜೆ ಇದ್ದರೆ ಅಜ್ಜಂಪುರದ ಕಡೆ ತಿರುಗಿ. ಅಲ್ಲಿ ಅಮೃತಮಹಲ್ ತಳಿ ಸಂವರ್ಧನಾ ಕೇಂದ್ರವಿದೆ. ಉದ್ದ ಕೊಂಬಿನ, ಬೂದುಬಣ್ಣದ ಆ ದನಗಳ ನಡಿಗೆಯೇ ಬೇರೆ. ಅವುಗಳ ಮೇವಿಗೆಂದೇ ಉಳಿಸಿದ ಹುಲ್ಲುಗಾವಲು, ಕಡೂರು ತಾಲ್ಲೂಕಿನ ಬಾಸೂರು ಕಾವಲಿನಲ್ಲಿ ಕೃಷ್ಣಮೃಗಗಳೂ ಇವೆ. ಮರವಿಲ್ಲದ ಹುಲ್ಲುಗಾವಲನ್ನು ಬರಡು ಎನ್ನಬೇಡಿ, ಅದೂ ಕಾಡೇ. ರಸ್ತೆಯಂಚಿನಲ್ಲೇ ನಿಂತು ನೋಡಿ, ಒಳಗೆ ಗಾಡಿ ಓಡಿಸಬೇಡಿ, ಪ್ಲಾಸ್ಟಿಕ್ ಕವರನ್ನು ಜೇಬಿನಲ್ಲೇ ಮನೆಗೆ ಒಯ್ಯಿರಿ.